ಮಾವನ ಭುಜ, ರೆಕ್ಕೆಯ ತುದಿ

ಕಾರಿನ ಬಾಗಿಲ ಹಿಡಿಕೆಗಳ ನಕ್ಷೆಯನ್ನು ನಾಲ್ಕು ವರ್ಷ ಬಿಡಿಸಿದ ಮೇಲೆ ಐರೋಲಿಯ ಆಫೀಸಿನಲ್ಲಿ ನನಗೆ ವಿಮಾನದ ರೆಕ್ಕೆ ಸಿಕ್ಕಿತು. ಪೂರ್ತಿ ರೆಕ್ಕೆಯಲ್ಲ, ತುದಿಯಲ್ಲಿ ಮೇಲಕ್ಕೆ ಮಡಚಿಕೊಂಡಿರುವ ಚೂರು, ವಿಂಗ್ಲೆಟ್. ಅದನ್ನು ಎಷ್ಟು ಬಾಗಿಸಿದರೆ ಒಳ್ಳೆಯದು ಎಂದು ಕಂಪ್ಯೂಟರಿನಲ್ಲಿ ಗಾಳಿ ಹರಿಸಿ ನೋಡುವ ಕೆಲಸ. ಸೋಮವಾರದ ರಿವ್ಯೂನಲ್ಲಿ ಎಡವಿದರೆ ಮತ್ತೆ ಹಿಡಿಕೆಗಳಿಗೇ ವಾಪಸ್ ಎಂದು ಮ್ಯಾನೇಜರು ನಗುತ್ತಲೇ ಹೇಳಿದ್ದರು. ಆ ನಗು ನನಗೆ ಸೇರಿರಲಿಲ್ಲ.

ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಪಕ್ಕದಲ್ಲೇ ಮಾವನವರು, ನನ್ನ ಗಂಡನ ಅಪ್ಪ, ಭುಜದ ವ್ಯಾಯಾಮ ಮಾಡುತ್ತಿದ್ದರು. ಉಡುಪಿ ಕಡೆಯವರು, ವಾಗ್ಳೆ ಎಸ್ಟೇಟ್ ಎಂಬ ಕಾರ್ಖಾನೆ ಪ್ರದೇಶದ ಹೋಟೆಲೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಸಪ್ಲಾಯರ್ ಆಗಿದ್ದವರು. ಈಗ ಬಲಭುಜ ಬಿಗಿದುಕೊಂಡಿದೆ. ನೀರು ತುಂಬಿದ ಲೋಟ ಹಿಡಿದು ಕೈಯನ್ನು ನೇರವಾಗಿ ಪಕ್ಕಕ್ಕೆ ಚಾಚಬೇಕೆಂದು ಫಿಸಿಯೋಥೆರಪಿಯವರು ಹೇಳಿದ್ದರು.

“ಎಂಥದು ಅದು, ಬಣ್ಣ ಬಣ್ಣ?” ಎಂದರು.

ರೆಕ್ಕೆಯ ಕೆಳಗೆ ಗಾಳಿಯ ಒತ್ತಡ ಹೆಚ್ಚು, ಮೇಲೆ ಕಡಿಮೆ. ಕೆಳಗಿನ ಗಾಳಿ ತುದಿಯಿಂದ ನುಸುಳಿ ಸುಳಿಯಾಗುತ್ತದೆ, ಅದರಿಂದ ವಿಮಾನಕ್ಕೆ ಹಿಂದಕ್ಕೆ ಎಳೆತ ಎಂದೆ. ಬಾಳೆಲೆಯ ಅಂಚೆತ್ತಿ ಸಾರು ತಡೆಯುವ ಹಾಗೆ ವಿಂಗ್ಲೆಟ್ ಅದನ್ನು ಆದಷ್ಟು ತಡೆಯುತ್ತದೆ.

“ಹಾಗಾದ್ರೆ ನೆಟ್ಟಗೆ ನಿಲ್ಸು.”

“ಇಲ್ಲ ಮಾವ, ಹೊರಗಡೆಗೆ ವಾಲಿಸಿದಷ್ಟೂ ರೆಕ್ಕೆ ಉದ್ದ ಆದ ಹಾಗೆ. ಎಳೆತ ಕಮ್ಮಿ. ನನ್ನ ನಂಬರ್ ಸೂಪರ್ ಬಂದಿದೆ” ಎಂದು ಬೀಗಿದೆ.

ಅವರು ಲೋಟ ಚಾಚಿದರು, ಮುಖ ಕಿವುಚಿದರು, ಮೆಲ್ಲಗೆ ಮೊಣಕೈ ಮಡಚಿ ಲೋಟವನ್ನು ಮೇಲಕ್ಕೆತ್ತಿಕೊಂಡರು. ಕಳ್ಳಾಟ!

“ಮಡಚಬಾರ್ದು ಅಂದಿಲ್ವಾ ಅವ್ರು?”

“ಚಾಚಿದ್ರೆ ಭುಜ ಕಿತ್ತು ಬರ್ತದೆ ಮಾರಾಯ್ತಿ! ಮಡಚಿದ್ರೆ ಏನೂ ಇಲ್ಲ. ಲೋಟ ಅದೇ, ನೀರೂ ಅಷ್ಟೇ ಉಂಟು.”

ತಟ್ಟನೆ ಲ್ಯಾಪ್‌ಟಾಪಿನ ಕಡೆ ತಿರುಗಿದೆ. ನಾನು ಎಳೆತವನ್ನಷ್ಟೇ ನೋಡಿದ್ದೆ. ತುದಿ ಹೊರಗೆ ಚಾಚಿದಷ್ಟೂ ಅದರ ಬಲ ರೆಕ್ಕೆಯ ಬುಡವನ್ನು ಎಷ್ಟು ಹೆಚ್ಚು ಬಗ್ಗಿಸುತ್ತದೆ ಎಂದು ನೋಡಿರಲೇ ಇಲ್ಲ. ರೆಕ್ಕೆ ಮೇಲಕ್ಕೆ ಬಗ್ಗುತ್ತದೆ, ಕೈ ಕೆಳಕ್ಕೆ, ಲೆಕ್ಕ ಒಂದೇ. ಬುಡ ತಾಳಬೇಕಾದರೆ ಗಟ್ಟಿ ಮಾಡಬೇಕು, ಗಟ್ಟಿ ಮಾಡಿದರೆ ತೂಕ ಏರುತ್ತದೆ, ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ. ಕಾಲೇಜಿನಲ್ಲಿ ಕಲಿತ ಪಾಠವನ್ನೇ ಮರೆತಿದ್ದೆ.

ನನಗೆ ಹುಚ್ಚು ಹಿಡಿಯಿತು. “ಮಾವ, ಇನ್ನೊಂದ್ಸಲ ಚಾಚಿ. ಈಗ ಅರ್ಧ ಮಡಚಿ. ಈಗ ಪೂರ್ತಿ. ಎಲ್ಲಿ ಜಾಸ್ತಿ ನೋವು?” ಏಳೆಂಟು ಸಲ ಮಾಡಿಸಿದೆ. ಕೊನೆಗೆ ಲೋಟ ಜಾರಿ ನೀರೆಲ್ಲ ನೆಲದ ಮೇಲೆ. ನಾನು ಟೈಪ್ ಮಾಡುತ್ತಲೇ ಇದ್ದೆ. ಅವರೇ ಎಡಗೈಯಲ್ಲಿ ಒರೆಸಿದರು.

ಸೋಮವಾರ ನನ್ನ ಸೂಪರ್ ನಂಬರ್ ಬಿಟ್ಟು, ಸ್ವಲ್ಪ ನೆಟ್ಟಗಿನ ಕೋನ ತೋರಿಸಿದೆ. ಮೊದಲ ಪ್ರಶ್ನೆಯೇ ಬುಡದ ಬಗ್ಗೆ ಬಂತು, ಉತ್ತರ ಸಿದ್ಧವಿತ್ತು. ರೆಕ್ಕೆ ನನ್ನ ಬಳಿಯೇ ಉಳಿಯಿತು. “ಯೇ ಸೂಝಾ ಕೈಸೆ?”, ಇದು ಹೊಳೆದದ್ದು ಹೇಗೆ ಎಂದು ಮ್ಯಾನೇಜರು ಕೇಳಿದಾಗ, ಎಲ್ಲ ನನ್ನದೇ ತಲೆ ಎಂಬಂತೆ ನಕ್ಕೆ.

ಸಂಜೆ ಸ್ಟೇಷನ್ ಬಳಿ ಪೇಡೆ ಕೊಂಡು ಮನೆಗೆ ಬಂದು ಮಾವನಿಗೆ ಎಲ್ಲ ಹೇಳಿದೆ. ಬುಡ ಎಷ್ಟು ತಾಳುತ್ತದೆ ಎಂದು ವಿಮಾನ ಹಾರುವ ಮೊದಲೇ ಲೆಕ್ಕ ಹಾಕುತ್ತೇವೆ ಎಂದೆ. ಎಡಗೈಯಲ್ಲಿ ಎಂದೂ ಸಿಹಿ ಮುಟ್ಟದವರು, ಬಲಗೈ ಚಾಚಲು ಹೋಗಿ ಆಗದೆ, ಎಡಗೈಯಲ್ಲೇ ಪೇಡೆ ತೆಗೆದುಕೊಂಡರು.

“ಈ ಬಲಗೈಯಲ್ಲೇ ಎಂಟು ಪ್ಲೇಟ್ ಹಿಡೀತಿದ್ದೆ, ಗೊತ್ತುಂಟಾ? ಎಲ್ರೂ ಪ್ಲೇಟ್ ಎಣಿಸಿದ್ರು. ಭುಜ ಎಷ್ಟು ತಾಳ್ತದೆ ಅಂತ ಒಬ್ರೂ ಕೇಳ್ಲಿಲ್ಲ.”

ನನಗೆ ನಾಚಿಕೆಯಾಯಿತು. ಎಲ್ಲಿ ನೋವು ಎಂದು ನಾನು ನಿನ್ನೆ ಏಳೆಂಟು ಸಲ ಕೇಳಿದ್ದು ರೆಕ್ಕೆಗಾಗಿ.