ಫೋನಿನ ಬ್ಯಾಟರಿ ಮತ್ತು ಗಂಗಾಧರಪ್ಪನವರು

ತಲೆಯ ಮೇಲಿನ ಫ್ಯಾನ್ ನಿಧಾನವಾದರೆ ಸಾಕು, ಗಂಗಾಧರಪ್ಪನವರ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ನನ್ನ ಮೇಜಿನ ರಿಸೀವರ್ ಎತ್ತಿ ಕಿವಿಗಿಟ್ಟುಕೊಳ್ಳುವರು. ಲೈನು ಇದೆಯೆಂದು ತಿಳಿಸುವ ಗುಂಯ್ ಎಂಬ ಸದ್ದು ಕೇಳಿದ ಮೇಲೆಯೇ ಬಿಟ್ಟ ಮಾತು ಮುಂದುವರಿಯುವುದು. ಚಳ್ಳಕೆರೆಯ ಒಂದು ಹೆರಿಗೆ ಆಸ್ಪತ್ರೆಗೆ ಅವರು ಮ್ಯಾನೇಜರು. ನಾನು ಮೊಳಕಾಲ್ಮೂರಿನಿಂದ ಬಸ್ಸಿನಲ್ಲಿ ಬಂದು ಫೋನು ನೋಡಿಕೊಳ್ಳುತ್ತಿದ್ದವಳು.

ಗಾಳಿ ಜೋರಾದರೆ ನಮ್ಮಲ್ಲಿ ಕರೆಂಟು ಹೋಗುತ್ತದೆ, ತಡವಾದರೆ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ಆಪರೇಷನ್ ಕೋಣೆಗೆ ಜನರೇಟರ್ ಇತ್ತು. ಆದರೆ ಒಳಗಿನ ಫೋನುಗಳನ್ನೆಲ್ಲ ಹೊರಗಿನ ಲೈನಿಗೆ ಸೇರಿಸುವ ಇಂಟರ್‌ಕಾಂ ಪೆಟ್ಟಿಗೆ ಇದ್ದದ್ದು ನನ್ನ ಮೇಜಿನ ಹಿಂದೆ, ಕರೆಂಟನ್ನೇ ನಂಬಿಕೊಂಡು. ಅದಕ್ಕೆ ಯುಪಿಎಸ್ ಹಾಕಿಸಲು ಎಲೆಕ್ಟ್ರಿಷಿಯನ್ ಬಾಷಾನನ್ನು ಕರೆಸಿದರು.

"ಎಷ್ಟೊತ್ತು ನಡೀಬೇಕು ಸಾರ್?" ಎಂದ ಬಾಷಾ.

"ಕರೆಂಟ್ ಬರೋಗಂಟ."

"ಅದ್ಯಾವಾಗ ಬರ್ತೈತೋ ನಾನೆಂಗ್ ಹೇಳ್ಲಿ ಸಾರ್?"

"ಕಂಬ ಬಿದ್ರೆ? ಲೈನ್‌ಮನ್ ತಡ ಮಾಡಿದ್ರೆ? ಬ್ಯಾಟ್ರಿ ಹಳೇದಾಗಿ ಸೋತೋದ್ರೆ?"

ಒಂದೊಂದು ಪ್ರಶ್ನೆಗೂ ಬ್ಯಾಟರಿಯ ಗಾತ್ರ ಬೆಳೆಯಿತು. ಕೊನೆಗೆ ಬಂದ ಬ್ಯಾಟರಿಗಳನ್ನು ನೋಡಿ ನರ್ಸುಗಳು ನಕ್ಕರು. "ಫೋನಿಗೊಂದಕ್ಕೇ ಆದ್ರೆ ದಿನವೆಲ್ಲಾ ಬರ್ತೈತೆ. ಬೇರೇದು ಏನೂ ಹಾಕ್ಬ್ಯಾಡ್ರಿ ಸಾರ್," ಎಂದು ಹೇಳಿ ಬಾಷಾ ಹೋದ.

ಆದರೆ ಆ ಬೇಸಿಗೆ ಬಲು ಕೆಟ್ಟದಾಗಿತ್ತು. ಕರೆಂಟು ಹೋದಾಗಲೆಲ್ಲ ಬಾಣಂತಿಯರ ವಾರ್ಡಿನಲ್ಲಿ ಎಳೆಗೂಸುಗಳು ಅತ್ತು ಕೆಂಪಾಗುತ್ತಿದ್ದವು. ಅದನ್ನು ನೋಡಲಾಗದೆ ಗಂಗಾಧರಪ್ಪನವರೇ ವಾರ್ಡಿನ ಫ್ಯಾನುಗಳನ್ನೂ ಆ ಬ್ಯಾಟರಿಗೇ ಹಾಕಿಸಿದರು.

ಮಳೆಗಾಲ ಶುರುವಾಗುವ ಮುಂಚಿನ ಒಂದು ಮಧ್ಯಾಹ್ನ ಬಿರುಗಾಳಿ ಎದ್ದು ಕಂಬಗಳು ಉರುಳಿದವು. ಸಂಜೆಯ ಹೊತ್ತಿಗೆ ಮೊಬೈಲುಗಳೂ ಸತ್ತವು. ರಾಂಪುರದ ಕಡೆಯಿಂದ ಬಂದಿದ್ದ ಹೆಣ್ಣುಮಗಳಿಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿರಲಿಲ್ಲ. ರಕ್ತ ತರಲು ಚಿತ್ರದುರ್ಗಕ್ಕೆ ಕಾರು ಹೋಗಿತ್ತು. ಡಾಕ್ಟರಮ್ಮ ಆಪರೇಷನ್ ಕೋಣೆಯ ಫೋನಿನಲ್ಲಿ ಅಲ್ಲಿನ ಹಿರಿಯ ವೈದ್ಯರನ್ನು ಕೇಳಿಕೊಂಡು ಕೆಲಸ ಮಾಡುತ್ತಿದ್ದರು. ಆಗ ನನ್ನ ಹಿಂದೆ, ಬ್ಯಾಟರಿ ಮುಗಿಯುತ್ತಾ ಬಂತೆಂದು ಯುಪಿಎಸ್ ಕೀಂ ಕೀಂ ಎಂದು ಕೂಗತೊಡಗಿತು.

ಗಂಗಾಧರಪ್ಪನವರು ಧಡಕ್ಕನೆ ಎದ್ದರು. "ನಾನೇ ಹಾಳ್ಮಾಡಿದೆ ಕಣಮ್ಮಾ," ಎನ್ನುತ್ತ ವಾರ್ಡಿಗೆ ಓಡಿದರು. ನಾನೂ ಹಿಂದೆ ಹೋದೆ.

"ಅವ್ವಾರೇ, ಫ್ಯಾನ್ ಆರಿಸ್ತೀನಿ, ಬೈಕೋಬ್ಯಾಡ್ರಿ. ಒಳಗೊಬ್ಬ ತಾಯಿ ಜೀವ ಫೋನಿನ ಮ್ಯಾಲೆ ನಿಂತೈತೆ."

"ಕೂಸು ಬೇಯ್ತೈತಲ್ಲೋ ಯಪ್ಪಾ!" ಎಂದಳು ಒಬ್ಬ ಮುದುಕಿ. ಅವರು ಕೈಮುಗಿದು ಸ್ವಿಚ್ಚುಗಳನ್ನು ಆರಿಸಿದರು. ಮುದುಕಿ ಗೊಣಗುತ್ತಲೇ ಸೆರಗಿನಿಂದ ಮೊಮ್ಮಗುವಿಗೆ ಗಾಳಿ ಹಾಕತೊಡಗಿದಳು. ಪಕ್ಕದ ಮಂಚದ ಕೂಸಿಗೂ ಹಾಕಿದಳು.

ನಾವು ಮೇಜಿನ ಬಳಿಗೆ ಓಡಿ ಬಂದಾಗ ಯುಪಿಎಸ್‌ನ ಕೂಗು ನಿಂತಿತ್ತು. ಆ ಮೌನ ಇನ್ನೂ ಭಯಂಕರವಾಗಿತ್ತು. ಪೆಟ್ಟಿಗೆಯೇ ಸತ್ತಿತೋ ಏನೋ. ಅಷ್ಟರಲ್ಲಿ ಒಳಗಿನಿಂದ ಫೋನು ರಿಂಗಾಯಿತು. "ಕಾರು ರಕ್ತ ತಗೊಂಡು ಹೊರಟಿತಾ, ಚಿತ್ರದುರ್ಗಕ್ಕೆ ಕೇಳಮ್ಮಾ," ಡಾಕ್ಟರಮ್ಮನ ದನಿ. ಗಂಗಾಧರಪ್ಪನವರು ಗೋಡೆಗೆ ಒರಗಿ ಅಲ್ಲೇ ಕುಸಿದು ಕುಳಿತರು. ಕಾರು ಬಂದದ್ದು ಪೂರಾ ಕತ್ತಲಾದ ಮೇಲೆ. ತಾಯಿ ಉಳಿದಳು.

ಮರುದಿನವೇ ಬಾಷಾನನ್ನು ಕರೆಸಿ ಫ್ಯಾನುಗಳಿಗೆ ಬೇರೆ ಬ್ಯಾಟರಿ ಹಾಕಿಸಿದರು. "ಫೋನಿಂದು ಫೋನಿಗೇ, ಗಾಳೀದು ಗಾಳಿಗೇ," ಎಂದು ಆಮೇಲೆ ಕಂಡಕಂಡವರಿಗೆಲ್ಲ ಹೇಳುತ್ತಿದ್ದರು.

ಹೋದ ವರ್ಷ ಅವರಿಗೆ ಎದೆನೋವು ಬಂದು ಚಿತ್ರದುರ್ಗದಲ್ಲಿ ಸೇರಿಸಿದ್ದಾರೆಂದು ತಿಳಿದು ನೋಡಲು ಹೋದೆ. ನಿದ್ದೆ ಹೋಗಿದ್ದರು. ಅಷ್ಟು ವರ್ಷ ಜೊತೆಗೆ ಕೆಲಸ ಮಾಡಿಯೂ ಅವರ ಹಣೆ ಸುಕ್ಕಿಲ್ಲದೆ ಇದ್ದದ್ದನ್ನು ನಾನು ನೋಡಿರಲಿಲ್ಲ. "ಎಬ್ಬಿಸ್ಲೇನಮ್ಮಾ?" ಎಂದರು ಅವರ ಹೆಂಡತಿ. ಬೇಡವೆಂದು ತಲೆಯಾಡಿಸಿ ಸ್ವಲ್ಪ ಹೊತ್ತು ಕುಳಿತಿದ್ದೆ. ಕೊನೆಯ ಬಸ್ಸಿನ ಹೊತ್ತಾಯಿತು. ಅವರು ಎದ್ದುಬಿಟ್ಟಾರೆಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದೆ.

ಆಮೇಲೆ ಅವರನ್ನು ಜೀವಂತವಾಗಿ ನೋಡಲಾಗಲಿಲ್ಲ.