ನಾನು ತುಂಬಿದ ಅರ್ಜಿ

ನಮ್ಮ ಊರಲ್ಲಿ ಯಾರದೇ ಅರ್ಜಿ ಇರಲಿ, ತುಂಬುವವಳು ನಾನೇ. ಪಿಂಚಣಿ, ಸ್ಕಾಲರ್‌ಶಿಪ್, ರೇಷನ್ ಕಾರ್ಡು ಎಲ್ಲವೂ ನನ್ನ ಮೊಬೈಲಿನಿಂದಲೇ ಹೋಗಬೇಕು. ಜಹೀರಾಬಾದಿನ ಶಾಲೆಯಲ್ಲಿ ಪಾಠ ಹೇಳುತ್ತೇನೆಂಬ ಜಂಬ ಬೇರೆ. ತಂಗಿ ಮಿಲಿಟರಿ ಪೊಲೀಸ್ ಪಡೆಗೆ ಅರ್ಜಿ ಹಾಕುತ್ತೇನೆಂದಾಗ ಅವಳ ಕೈಯಿಂದ ಫೋನು ಕಿತ್ತುಕೊಂಡೆ.

"ಸಾವಕಾಶ ನೋಡಿ ತುಂಬಕ್ಕ," ಅಂದಳು.

"ನನಗ ಹೇಳಾಕ ಬರ್ತೀಯೇನ?" ಅಂದೆ.

ನಮ್ಮ ಊರು ಮೊಗುಡಂಪಲ್ಲಿ ಕಡೆ. ಇರುವುದು ತೆಲಂಗಾಣದಲ್ಲಿ, ಹೊಲದ ಬದು ದಾಟಿದರೆ ಬೀದರ್ ಜಿಲ್ಲೆ. ನಾವು ಓದಿದ್ದು, ಹಬ್ಬಕ್ಕೆ ಬಟ್ಟೆ ಕೊಂಡದ್ದು, ಹಲ್ಲು ಕೀಳಿಸಿದ್ದು ಎಲ್ಲ ಬೀದರಿನಲ್ಲೇ. ಬೆಳಿಗ್ಗೆ ಓಟದ ಅಭ್ಯಾಸಕ್ಕೆ ಹೊರಟ ತಂಗಿ ಚಹಾ ಕುದಿಯುವುದರೊಳಗೆ ಎರಡು ರಾಜ್ಯ ಮುಟ್ಟಿ ಬರುತ್ತಿದ್ದಳು. ರಾಜ್ಯ ಯಾವುದೆಂದು ಅರ್ಜಿ ಕೇಳಿದಾಗ ನನ್ನ ಬೆರಳು ಕರ್ನಾಟಕ ಒತ್ತಿತು, ಜಿಲ್ಲೆಗೆ ಬೀದರ್. ಯೋಚಿಸಲೇ ಇಲ್ಲ.

ಕಂಪ್ಯೂಟರ್ ಪರೀಕ್ಷೆಯಲ್ಲಿ ತಂಗಿ ಪಾಸಾದಳು. ಕರ್ನಾಟಕದವರಿಗೆ ಗೊತ್ತು ಮಾಡಿದ್ದ ಮೈದಾನಕ್ಕೆ ಇಬ್ಬರೂ ರಾತ್ರಿಯಿಡೀ ರೈಲಿನಲ್ಲಿ ಹೋದೆವು. ಓಟದಲ್ಲಿ ಅವಳು ಮೂರನೆಯವಳು. ಆಮೇಲೆ ಕಾಗದಪತ್ರದ ಮೇಜು. ಅರ್ಜಿ ಕರ್ನಾಟಕದ್ದು, ವಾಸದ ಪ್ರಮಾಣಪತ್ರ ತೆಲಂಗಾಣದ್ದು. ಸೈನ್ಯದ ಲೆಕ್ಕದಲ್ಲಿ ಯಾರು ಎಲ್ಲಿಯವರೋ ಅಲ್ಲಿಯ ಮೈದಾನದಲ್ಲೇ ನಿಲ್ಲಬೇಕು. ಮೇಜಿನ ಹಿಂದಿದ್ದ ಅಧಿಕಾರಿ ಬೈಯಲಿಲ್ಲವಂತೆ. ಮುಂದಿನ ಸಲ ನಿಮ್ಮ ರಾಜ್ಯದಿಂದ ಬನ್ನಿ ಎಂದು ಕಾಗದಗಳನ್ನು ಒಪ್ಪವಾಗಿ ಜೋಡಿಸಿ ಕೊಟ್ಟರಂತೆ.

ವಯಸ್ಸಿನ ಮಿತಿಯೊಳಗೆ ಅವಳಿಗೆ ಉಳಿದದ್ದು ಇನ್ನೊಂದೇ ಸಲ. ಹೊರಗೆ ಬಂದು ಇಷ್ಟು ಹೇಳಿದವಳು ವಾಪಸು ಬರುವಾಗ ರೈಲಿನ ಮೇಲಿನ ಬರ್ತ್ ಹತ್ತಿ ಮಲಗಿಬಿಟ್ಟಳು. ಬೈದಿದ್ದರೆ ಹಗುರಾಗುತ್ತಿತ್ತು. ನನಗೆ ನನ್ನ ಮೇಲೇ ಹೇಸಿಗೆ ಬಂದಿತ್ತು.

ಮನೆಯಲ್ಲಿ ಅವ್ವ ಎಲ್ಲ ಕೇಳಿ, "ಆತು ಬಿಡು. ಆಕಿ ಕಾಲೇನು ಮುರದಿಲ್ಲ, ಇನ್ನೊಮ್ಮೆ ಓಡ್ತಾಳ," ಅಂದಳು. ನನ್ನ ಕಡೆ ತಿರುಗಿ, "ನೀ ಮಾತ್ರ ಫೋನ್ ಮುಟ್ಟಬ್ಯಾಡ," ಅಂದಳು.

ಮುಟ್ಟಲಿಲ್ಲ. ಮರುವರ್ಷ ತಂಗಿಯೇ ಕುಳಿತು ತುಂಬಿದಳು. ನಾನು ಒಲೆಯ ಮುಂದೆ, ಬೇಯದ ಬೇಳೆಯನ್ನು ಸುಮ್ಮನೆ ತಿರುವುತ್ತ ಇದ್ದೆ. ಕೊನೆಗೆ ಅವಳೇ ಕರೆದಳು: "ಬಾರಕ್ಕ. ಒತ್ತೋದು ನಾನು, ಓದಿ ನೋಡೋದು ನೀನು." ಅವತ್ತು ಅಷ್ಟು ಚಿಕ್ಕ ಅರ್ಜಿಯನ್ನು ನಾಲ್ಕು ಸಲ ಓದಿದೆ.

ಪರೀಕ್ಷೆಯಲ್ಲಿ ಮತ್ತೆ ಪಾಸಾದಳು. ಈ ಸಲ ತೆಲಂಗಾಣದವರ ಮೈದಾನ. ಮನೆಯವರೆಲ್ಲ ಗೇಟಿನ ಹೊರಗೇ ನಿಲ್ಲಬೇಕು. ಒಳಗೆ ಏನು ನಡೆಯುತ್ತಿದೆಯೆಂದು ಯಾರೂ ಹೇಳುವುದಿಲ್ಲ. ಬಿದ್ದವರು ಹೊರಗೆ ಬರುತ್ತಾರೆ, ಗೆದ್ದವರು ಒಳಗೇ ಉಳಿಯುತ್ತಾರೆ. ಪಕ್ಕದಲ್ಲಿ ನಾರಾಯಣಖೇಡದಿಂದ ಮಗಳನ್ನು ಕರೆತಂದಿದ್ದ ರೈತರೊಬ್ಬರು ನಿಂತಿದ್ದರು. "ಮಕ್ಕಳು ಹೊರಗ ಬರಬಾರದು ಅಂತ ಬೇಡ್ಕೊಳ್ಳೋದು ಇದೊಂದೇ ಗೇಟಿನ ಮುಂದ ನೋಡ್ರಿ," ಅಂದರು.

ಮೊದಲು ಓಟದಲ್ಲಿ ಹಿಂದೆ ಬಿದ್ದವರು ಗುಂಪಾಗಿ ಬಂದರು. ಆ ರೈತರ ಮಗಳೂ ಅದರಲ್ಲಿದ್ದಳು. ಅವರು ಮಗಳಿಗೆ ನೀರು ಕುಡಿಸಿ, "ಇಕಿಗಿ ಇನ್ನೂ ವಯಸ್ಸದರಿ, ಮುಂದಿನ ಸಲ ಆಗ್ತದ," ಎಂದು ನನಗೇ ಧೈರ್ಯ ಹೇಳಿ ಹೊರಟರು.

ಆಮೇಲೆ ಕಾಗದಪತ್ರದ ಮೇಜಿನಿಂದ ಒಬ್ಬೊಬ್ಬರೇ ಬರತೊಡಗಿದರು. ಫೈಲು ಎದೆಗವಚಿಕೊಂಡ ಪ್ರತಿ ಹುಡುಗಿಯೂ ದೂರದಿಂದ ನನ್ನ ತಂಗಿಯೇ ಅನ್ನಿಸುತ್ತಿತ್ತು. ಮೊದಲು ಕೊರಳು ನೋಡುತ್ತಿದ್ದೆ. ತಂಗಿ ಯಾವಾಗಲೂ ಹಾಕಿಕೊಳ್ಳುವ ಲಿಂಗದ ದಾರ ಕಾಣದಿದ್ದರೆ ಉಸಿರು ಬಿಡುತ್ತಿದ್ದೆ.

ಮಧ್ಯಾಹ್ನ ಗೇಟು ಮುಚ್ಚಿತು. ಕಾವಲಿನ ಸೈನಿಕನನ್ನು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಕಾಗದದ ಕೆಲಸ ಮುಗಿಯಿತು, ಉಳಿದವರೆಲ್ಲ ಡಾಕ್ಟರರ ತಪಾಸಣೆಗೆ ಹೋದರು, ಇನ್ನು ಸಂಜೆವರೆಗೆ ಯಾರೂ ಬರುವುದಿಲ್ಲ, ಹೋಗಿ ಊಟ ಮಾಡಿ ಅಂದ.

ಬೇವಿನ ನೆರಳಲ್ಲಿ ಕುಳಿತು ಗಂಟು ಬಿಚ್ಚಿದೆ. ಅವ್ವ ಇಬ್ಬರಿಗೂ ಆಗುವಷ್ಟು ಜೋಳದ ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿದ್ದಳು. ಅಳುತ್ತಲೇ ನನ್ನ ಪಾಲು ತಿಂದೆ, ಆಮೇಲೆ ತಂಗಿಯ ಪಾಲನ್ನೂ ನಾನೇ ತಿಂದೆ.