ವರ್ತನೆ ಹಾಲಿನ ವೆಂಕಟರತ್ನಮ್ಮ

ಬಂಗಾರಪೇಟೆಯ ನಮ್ಮ ಬೀದಿಗೆ ಇಪ್ಪತ್ತೆರಡು ವರ್ಷ, ದಿನವೂ ಗೊತ್ತಾದ ಮನೆಗಳಿಗೆ ವರ್ತನೆ ಹಾಲು ಹಾಕಿದವರು ಮುನಿನಾರಾಯಣಪ್ಪ. ಬೂದಿಕೋಟೆ ರಸ್ತೆಯಲ್ಲಿ ಏಳು ಕಿಲೋಮೀಟರ್ ಆಚೆ ಅವರ ಹಳ್ಳಿ. ಸೈಕಲ್ಲಿನ ಎರಡೂ ಕಡೆ ಕ್ಯಾನು ಕಟ್ಟಿಕೊಂಡು ಬೆಳಿಗ್ಗೆ ಆರೂವರೆಗೆಲ್ಲ ಬೀದಿಯ ತುದಿಯಲ್ಲಿರುತ್ತಿದ್ದರು. ಬೆಲ್ ಹೊಡೆಯುವ ಪದ್ಧತಿಯೇ ಇರಲಿಲ್ಲ. ಬಾಯಲ್ಲೇ ಎಲ್ಲರನ್ನೂ ಎಬ್ಬಿಸುತ್ತಿದ್ದರು. "ಏನ್ ಟೀಚರಮ್ಮ, ಇಸ್ಕೂಲ್ ರಜಾನಾ ಇವತ್ತು? ಬಾಕ್ಲೇ ತೆಗ್ದಿಲ್ಲ!" ಎಂದು ನನ್ನ ಮನೆ ಮುಂದೆ ಕೂಗಿದರೆ, ಪಕ್ಕದ ರೈಲ್ವೆಯವರ ಮನೆಗೆ ತಮಿಳಿನಲ್ಲಿ ಒಂದು ಮಾತು, ಎದುರು ಮನೆಯ ಅಜ್ಜಿಗೆ ತೆಲುಗಿನಲ್ಲಿ ಇನ್ನೊಂದು. ಅರ್ಧ ಲೀಟರ್ ಅಳೆದು ಹಾಕುವಷ್ಟರಲ್ಲಿ ಯಾರ ಹಸು ಕರು ಹಾಕಿತು, ಯಾರ ಮಗಳ ಮದುವೆ ಗೊತ್ತಾಯಿತು ಎಲ್ಲ ಹೇಳಿ ಮುಗಿಸುತ್ತಿದ್ದರು. ಅವರು ಸುಮ್ಮನಿದ್ದುದನ್ನು ನಾನು ಕಂಡೇ ಇರಲಿಲ್ಲ.

ಮೂರು ವರ್ಷದ ಹಿಂದೆ ಒಂದು ದಿನ ಹಾಲು ಬರಲಿಲ್ಲ. ಮರುದಿನವೂ ಇಲ್ಲ. ಲಕ್ವ ಹೊಡೆದಿದೆ, ಕೋಲಾರದ ಆಸ್ಪತ್ರೆಯಲ್ಲಿದ್ದಾರೆ ಎಂದು ಯಾರೋ ಹೇಳಿದರು. ಬೀದಿಯವರೆಲ್ಲ ಅಂಗಡಿಯಿಂದ ಪ್ಯಾಕೆಟ್ ಹಾಲು ತರಲು ಶುರುಮಾಡಿದೆವು.

ಒಂದು ತಿಂಗಳಾಗಿರಬಹುದು. ಎಂಟು ಗಂಟೆಗೆ ನಾನು ಶಾಲೆಗೆ ಹೊರಡುತ್ತಿದ್ದಾಗ ಗೇಟಿನ ಹತ್ತಿರ ಅದೇ ಸೈಕಲ್ಲು, ಅದೇ ಕ್ಯಾನು. ಹಿಡಿದುಕೊಂಡು ನಿಂತಿದ್ದವರು ಮಾತ್ರ ನಲವತ್ತೈದು ದಾಟಿದ ಒಬ್ಬ ಹೆಂಗಸು. ಸೀರೆಯ ಅಂಚೆಲ್ಲ ಧೂಳು.

"ನಾನು ಆಯಪ್ಪನ ಮನೆಯವಳು, ವೆಂಕಟರತ್ನಮ್ಮ. ಇನ್ಮೇಲೆ ಆಲು ನಾನೇ ತತ್ತೀನಿ."

"ಇಷ್ಟು ಹೊತ್ತಾಯಿತಲ್ಲಮ್ಮ?"

"ತುಳಿಯೋಕೆ ಬರಲ್ಲ ಟೀಚರಮ್ಮ. ತಳ್ಕೊಂಡು ಬಂದೆ."

ಏಳು ಕಿಲೋಮೀಟರ್! ತುಂಬಿದ ಕ್ಯಾನುಗಳ ಸಮೇತ! ನಿಮ್ಮೂರಲ್ಲೇ ಡೈರಿ ಇದೆಯಲ್ಲ, ಅಲ್ಲಿಗೇ ಹಾಕಬಹುದಲ್ಲ ಎಂದೆ. ಅವರು ಅಳತೆಯ ಲೋಟವನ್ನು ಸೆರಗಿನಿಂದ ಒರೆಸುತ್ತಾ ಹೇಳಿದರು: "ಆಕ್ಬೋದು. ಆಮೇಲೆ ಆಯಪ್ಪ ಎದ್ದು ಓಡಾಡೋ ಅಂಗಾದಾಗ ಎಲ್ಲಿಗೋಗ್ಬೇಕು? ಈ ಮನೆಗಳು ಕೈಬಿಟ್ರೆ ಆಯಪ್ಪ ಯಾರತ್ರ ಮಾತಾಡ್ಬೇಕು?"

ಆ ದಿನವೇ ನಾನು ಪ್ಯಾಕೆಟ್ ಹಾಲು ನಿಲ್ಲಿಸಿದೆ.

ಹೀಗೆ ತಳ್ಳಿಕೊಂಡು ಬಂದರೆ ಆಗುವುದಿಲ್ಲವೆಂದು ಅವರಿಗೂ ತಿಳಿದಿತ್ತು. ಮಗಳು ಸಹನ ರಾಬರ್ಟ್‌ಸನ್‌ಪೇಟೆಯ ಕಾಲೇಜಿನಲ್ಲಿ ಕೊನೆಯ ವರ್ಷದ ಡಿಗ್ರಿ ಓದುತ್ತಿದ್ದಳು. ಕಾಲೇಜು ಬಿಟ್ಟು ತಾನೇ ಹಾಲು ಹಾಕುತ್ತೇನೆ ಅಂದಳು. ತಾಯಿ ಒಪ್ಪಲಿಲ್ಲ. "ಅಂಗಾದ್ರೆ ನೀನೇ ಕಲಿ" ಎಂದು ಸಹನ ದಿನಾ ಸಂಜೆ ಅಮ್ಮನನ್ನು ಊರಿನ ಶಾಲೆಯ ಬಯಲಿಗೆ ಕರೆದುಕೊಂಡು ಹೋದಳು. ಗಂಡಸರ ಬಾರ್ ಸೈಕಲ್ಲು. ಸೀರೆಯಲ್ಲಿ ಬಾರಿನ ಮೇಲೆ ಕಾಲು ಎತ್ತಿ ಹಾಕಲಾಗದೆ, ಸಣ್ಣ ಮಕ್ಕಳ ಹಾಗೆ ಬಾರಿನ ಕೆಳಗಿಂದ ಕಾಲು ತೂರಿಸಿ ಒಳಪೆಡಲ್ ಹೊಡೆದರು. ಬಿದ್ದರು, ಎದ್ದರು. ಕೊನೆಗೆ ಮಗಳ ಹಳೆಯ ಚೂಡಿದಾರ್ ಹಾಕಿಕೊಂಡು, ಮೇಲೊಂದು ಗಂಡನ ಅಂಗಿ ತೊಟ್ಟು, ಸೀಟಿನ ಮೇಲೇ ಕೂತರು.

"ಏನ್ ವೆಂಕಟರತ್ನಮ್ಮ, ಸರ್ಕಸ್ ಸೇರ್ಕೊಂಡ್ಯಾ?" ಎಂದು ಟೀ ಅಂಗಡಿಯ ಕಟ್ಟೆಯಿಂದ ಜಯರಾಮಪ್ಪ ಕೂಗಿದನಂತೆ. ಅಲ್ಲಿದ್ದವರೆಲ್ಲ ನಕ್ಕರಂತೆ. ಅದನ್ನು ನನಗೆ ಹೇಳುವಾಗ ವೆಂಕಟರತ್ನಮ್ಮನೂ ನಕ್ಕರು. ಆದರೆ ಆ ಅಂಗಡಿಯ ಮುಂದೆ ಹಾದುಹೋಗುವಾಗ ಇವತ್ತಿಗೂ ಕತ್ತು ತಿರುಗಿಸುವುದಿಲ್ಲ ಅಂದರು.

ಎರಡು ತಿಂಗಳಿಗೆ ಹಾಲು ಮತ್ತೆ ಆರೂವರೆಗೆ ಬರತೊಡಗಿತು.

ಮುನಿನಾರಾಯಣಪ್ಪನವರ ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಅದಕ್ಕಿಂತ ಹೆಚ್ಚಾಗಿ ಮಾತು ಹೋಗಿತ್ತು. ಪೂರ್ತಿ ಹೋಗಿದ್ದರೂ ಒಂದು ರೀತಿ ಇರುತ್ತಿತ್ತೇನೋ. ಒಂದು ಮಾತು ಉಳಿದಿತ್ತು: "ಬ್ಯಾಡ." ನೀರು ಕೊಟ್ಟರೆ ಬ್ಯಾಡ, ಮಗಳು ಕಾಲೇಜಿಂದ ಬಂದರೆ ಬ್ಯಾಡ, ಕರು ನೆಗೆದಾಡಿದರೆ ನಗುತ್ತಾ ಬ್ಯಾಡ ಬ್ಯಾಡ. ಸಹನ ಅಪ್ಪನನ್ನು ಎರಡು ಸಲ ಆಟೋದಲ್ಲಿ ರಾಬರ್ಟ್‌ಸನ್‌ಪೇಟೆಗೆ ಕರೆದುಕೊಂಡು ಹೋಗಿ, ಮಾತಿನ ತರಬೇತಿ ಕೊಡುವ ಮೀನಾ ಎಂಬವರಿಗೆ ತೋರಿಸಿದಳು. ಅವರು ತಮ್ಮ ತಮಿಳು ಬೆರೆತ ಕನ್ನಡದಲ್ಲಿ ನಿಧಾನವಾಗಿ ಹೇಳಿ ಕಳಿಸಿದ್ದರು: "ಒಳಗಡೆ ಎಲ್ಲಾ ಮಾತೂ ಇರುತ್ತೆ ಅಮ್ಮಾ. ಬಾಯಿಗೆ ಬರ್ವಾಗ ಇದು ಒಂದೇ ಬರುತ್ತೆ. ನೀವು ಮಾತು ಕೇಳ್ಬೇಡಿ, ಮುಖ ನೋಡಿ."

ವೆಂಕಟರತ್ನಮ್ಮನಿಗೆ ಅದು ಅರ್ಥವಾಗಿತ್ತು. ಬ್ಯಾಡ ಅಂದರೂ ಮುದ್ದೆ ತಿನ್ನಿಸುತ್ತಿದ್ದರು. ಬ್ಯಾಡ ಅಂದರೂ ಸ್ನಾನ ಮಾಡಿಸುತ್ತಿದ್ದರು. ಆದರೆ ಬೆಳಿಗ್ಗೆ ಸೈಕಲ್ಲಿನ ಸ್ಟ್ಯಾಂಡ್ ತೆಗೆಯುವಾಗ ಜಗಲಿಯ ಮಂಚದಿಂದ ಅದೇ ಮಾತು ಬಂದರೆ ಮಾತ್ರ ಎದೆಗೆ ಚುಚ್ಚುತ್ತಿತ್ತು. ಟೀ ಅಂಗಡಿಯವರು ನಕ್ಕರೆ ನಗಲಿ. ಆದರೆ ಯಾರಿಗಾಗಿ ಈ ವಯಸ್ಸಿನಲ್ಲಿ ಮೊಣಕಾಲು ಒಡೆದುಕೊಂಡು ಕಲಿತರೋ, ಅವರೇ ದಿನವೂ ಬ್ಯಾಡ ಅನ್ನುತ್ತಾರೆ. "ಮಿಕ್ಕಿದ್ದಕ್ಕೆಲ್ಲ ಆ ಮಾತಿಗೆ ಬೇರೆ ಅರ್ಥ ಇಟ್ಕೊಂಡೆ ಟೀಚರಮ್ಮ. ಇದೊಂದಕ್ಕೆ ಮಾತ್ರ ಇದ್ದಂಗೇ ತಗೊಂಡೆ. ನನಗೇ ಒಳಗೊಳಗೆ ನಾಚಿಕೆ ಇತ್ತಲ್ಲ, ಅದುಕ್ಕೇ" ಎಂದು ಆಮೇಲೆ ಹೇಳಿದರು. ಹೊರಡುವಾಗ ಗಂಡನ ಮುಖ ನೋಡುವುದನ್ನೇ ಬಿಟ್ಟರು.

ಅದು ಮಾರ್ಗಶಿರದ ಒಂದು ಮಂಜಿನ ಬೆಳಿಗ್ಗೆ. ಸ್ಟೇಷನ್ ರಸ್ತೆಯ ತಿರುವಿನಲ್ಲಿ ಮನೆ ಕಟ್ಟುವವರು ಮರಳು ಸುರಿದಿದ್ದರು. ಚಕ್ರ ಜಾರಿ, ಕ್ಯಾನುಗಳ ಜೊತೆ ವೆಂಕಟರತ್ನಮ್ಮ ರಸ್ತೆಗೆ ಬಿದ್ದರು. ಹಾಲೆಲ್ಲ ಚರಂಡಿಗೆ ಹರಿಯಿತು. ಬಸ್ಸಿಗೆ ಕಾಯುತ್ತಿದ್ದವರಲ್ಲಿ ಒಬ್ಬ ಮೊಬೈಲು ಎತ್ತಿ ಹಿಡಿದು ಅದನ್ನು ತೆಗೆಯುತ್ತಿದ್ದ. ಕೈಕೊಟ್ಟು ಎಬ್ಬಿಸಿದ್ದು ಹೂವು ಮಾರುವ ಪುಷ್ಪ ಒಬ್ಬಳೇ. ನಮ್ಮ ಬೀದಿಗೆ ಬರದೆ ವೆಂಕಟರತ್ನಮ್ಮ ಹಾಗೇ ಊರಿಗೆ ಹಿಂದಿರುಗಿದರು.

ಮನೆಯ ಮುಂದೆ ಸೈಕಲ್ಲು ನಿಲ್ಲಿಸಿದಾಗ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಮಂಚದ ಮೇಲಿದ್ದ ಮುನಿನಾರಾಯಣಪ್ಪ ಅದನ್ನು ನೋಡಿದ್ದೇ ಎಡಗೈ ಚಾಚಿ, ಏಳಲು ಒದ್ದಾಡುತ್ತಾ, ಜೋರಾಗಿ "ಬ್ಯಾಡ, ಬ್ಯಾಡ, ಬ್ಯಾಡ" ಎಂದು ಕೂಗತೊಡಗಿದರು.

"ಬಾಯ್ ಮುಚ್ಚು!" ಅಂದರು ವೆಂಕಟರತ್ನಮ್ಮ. "ಇರೋದೇ ಒಂದು ಮಾತು, ಅದೂ ನನ್ ಕಾಲೆಳೆಯೋಕೇನಾ? ಮಿಕ್ಕಿದ್ ಮಾತೆಲ್ಲಾ ಓದಂಗೆ ಅದೂ ಓಗ್ಬಿಟ್ಟಿದ್ರೆ ನೆಮ್ಮದಿಯಾಗಿರ್ತಿತ್ತು!"

ಗೋಡೆಯಾಚೆ ಪಕ್ಕದ ಮನೆಯ ದ್ಯಾವಮ್ಮನಿಗೂ ಅದು ಕೇಳಿಸಿತಂತೆ. ಮುನಿನಾರಾಯಣಪ್ಪ ಚಾಚಿದ್ದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡು ಎದೆಯ ಮೇಲೆ ಇಟ್ಟುಕೊಂಡರು.

ಆಮೇಲೆ ಅವರು ಮಾತಾಡಲಿಲ್ಲ.

ಮೊದಲ ದಿನ ಮುನಿಸಿರಬೇಕು ಎಂದು ವೆಂಕಟರತ್ನಮ್ಮ ಅಂದುಕೊಂಡರು. ಎರಡನೆಯ ದಿನ ಸೈಕಲ್ಲಿನ ಸ್ಟ್ಯಾಂಡ್ ತೆಗೆದು, ಬೇಕೆಂದೇ ಸದ್ದು ಮಾಡಿ, ತಿರುಗಿ ನೋಡಿದರು. ಮಂಚದ ಮೇಲಿಂದ ಗಂಡ ಸುಮ್ಮನೆ ನೋಡುತ್ತಿದ್ದರು. ನೀರು ಕೊಟ್ಟರೆ ಕುಡಿದರು. ಕರುವನ್ನು ತಂದು ಎದುರಿಗೆ ಬಿಟ್ಟರೆ ನಕ್ಕರು, ಅದೂ ಸದ್ದಿಲ್ಲದೆ. ವಾರವಾದ ಮೇಲೆ ವೆಂಕಟರತ್ನಮ್ಮ ಮಂಚದ ಪಕ್ಕ ನೆಲದ ಮೇಲೆ ಕೂತು ಅವರ ಕೈ ಹಿಡಿದುಕೊಂಡರು.

"ತಪ್ಪಾಯ್ತು. ಸಿಟ್ಟಲ್ಲಿ ಅಂದ್ಬಿಟ್ಟೆ. ಒಂದ್ಸಾರಿ ಬ್ಯಾಡ ಅನ್ನು. ಬೈಯೋದಿದ್ರೂ ಬೈಯಿ."

ಅವರು ಎಡಗೈಯಿಂದ ಹೆಂಡತಿಯ ಮೊಣಕೈ ತಿರುಗಿಸಿ, ಗಾಯ ಒಣಗಿದ ಜಾಗವನ್ನು ನೋಡಿದರು. ಬೆರಳಿನಿಂದ ಅದರ ಸುತ್ತ ಮೆಲ್ಲಗೆ ಸವರಿದರು. ಮೂರು ತಿಂಗಳಿಂದ ಪ್ರತಿ ಬೆಳಿಗ್ಗೆ ಆ ಮನುಷ್ಯ ಹೇಳುತ್ತಿದ್ದುದು ಏನೆಂದು ವೆಂಕಟರತ್ನಮ್ಮನಿಗೆ ಆಗ ತಿಳಿಯಿತು. ಅಲ್ಲೇ ಮಂಚದ ಕಾಲಿಗೆ ತಲೆಯಿಟ್ಟು ಅತ್ತರು.

ಸಹನ ಫೋನು ಮಾಡಿ ಕೇಳಿದಾಗ ಮೀನಾ, ಇನ್ನೊಂದು ಸಲ ಸಣ್ಣದಾಗಿ ಲಕ್ವ ಹೊಡೆದಿರಬಹುದು, ಒಮ್ಮೊಮ್ಮೆ ಹೀಗೆ ಉಳಿದ ಮಾತೂ ಹೋಗುತ್ತದೆ, ಕರೆದುಕೊಂಡು ಬನ್ನಿ ಎಂದರು. ಹೋಗಿ ಬಂದರು. ಪ್ರಯೋಜನವಾಗಲಿಲ್ಲ.

ನಲವತ್ತು ದಿನ ಕಳೆದಿರಬಹುದು. ಬೆಳಿಗ್ಗೆ ವೆಂಕಟರತ್ನಮ್ಮ ನನ್ನ ಪಾತ್ರೆಗೆ ಹಾಲು ಅಳೆಯುತ್ತಿದ್ದಾಗ ಅವರ ಮೊಬೈಲು ಹೊಡೆದುಕೊಂಡಿತು. ಸಹನ. ಅವಳ ಮಾತು ನನಗೆ ಕೇಳಿಸಲಿಲ್ಲ, ಅಳು ಕೇಳಿಸಿತು. ಆಟೋ ಕರೆಸುತ್ತೇನೆ ಇರಿ ಅಂದೆ. ಅವರಿಗೆ ಕೇಳಿಸಲೇ ಇಲ್ಲವೇನೋ. ಕ್ಯಾನು ಕಟ್ಟಿದ್ದ ಹಗ್ಗ ಬಿಚ್ಚಿ, ಎರಡನ್ನೂ ನಮ್ಮ ಜಗಲಿಯ ಮೇಲಿಟ್ಟು, ಸೈಕಲ್ ಹತ್ತಿದರು. ಚಪ್ಪಲಿ ನಮ್ಮ ಗೇಟಿನ ಬಳಿಯೇ ಉಳಿಯಿತು. ಖಾಲಿ ಸೈಕಲ್ಲಿನಲ್ಲಿ ನಿಂತುಕೊಂಡು ತುಳಿಯುತ್ತಾ ಅವರು ಬೀದಿ ದಾಟಿದ್ದನ್ನು ಹಾಲಿನ ಪಾತ್ರೆ ಹಿಡಿದುಕೊಂಡೇ ನೋಡಿದೆ.

ಮನೆ ಮುಟ್ಟಿದಾಗ ಗಂಡನ ಮೈಯಲ್ಲಿ ಇನ್ನೂ ಬಿಸಿ ಇತ್ತಂತೆ. ಕೊನೆಗಳಿಗೆಯಲ್ಲಿ ಹತ್ತಿರ ಕೂತಿದ್ದವಳು ದ್ಯಾವಮ್ಮ. ವೆಂಕಟರತ್ನಮ್ಮ ಅವಳನ್ನೇ ಕೇಳಿದರಂತೆ.

"ಏನಾದ್ರೂ ಅಂದ್ರಾ ಅಕ್ಕಾ?"

"ಇಲ್ಲ ಕಣಮ್ಮ. ಕಾಪಿ ಕುಡುದ್ರು. ರಸ್ತೆ ಕಡೆ ನೋಡ್ತಾ ಇದ್ರು. ಅಂಗೇ ಕತ್ತು ವಾಲ್ಕೊಂತು."

"ಒಂದು ಮಾತೂ?"

"ಒಂದೂ ಇಲ್ಲ."

ಹನ್ನೆರಡನೆಯ ದಿನದ ಕಾರ್ಯ ಮುಗಿದ ಮೇಲೆ ವೆಂಕಟರತ್ನಮ್ಮ ಹಾಲು ತೆಗೆದುಕೊಂಡು ಬಂದರು. ಅವರು ಇನ್ನು ಬರುವುದಿಲ್ಲ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಎದುರು ಮನೆಯ ಅಜ್ಜಿ ತೆಲುಗಿನಲ್ಲಿ ಏನೋ ಸಮಾಧಾನ ಹೇಳಿದರೆ ತಲೆಯಾಡಿಸಿ ಮುಂದಿನ ಮನೆಗೆ ಹೋದರು. ಈಗ ಸಹನ ರಾಬರ್ಟ್‌ಸನ್‌ಪೇಟೆಯ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಹಾಲು ಬಿಡು, ಮನೆಯಲ್ಲಿರು ಅನ್ನುತ್ತಾಳೆ. ತಾಯಿ ಕೇಳುವುದಿಲ್ಲ.

ಇದನ್ನೆಲ್ಲ ಅವರು ನನಗೆ ಹೇಳಿದ್ದು ಕಳೆದ ಆಷಾಢದಲ್ಲಿ. ನಮ್ಮ ಮನೆ ಮುಂದೆಯೇ ಸೈಕಲ್ಲು ಪಂಚರಾಗಿತ್ತು. ಅಂಗಡಿ ತೆಗೆಯುವವರೆಗೆ ಮೆಟ್ಟಿಲ ಮೇಲೆ ಕೂತಿದ್ದರು. ಕೊಟ್ಟ ಕಾಫಿ ಆರಿಹೋಯಿತು. ಎಲ್ಲ ಹೇಳಿ ಮುಗಿಸಿ ನನ್ನ ಮುಖ ನೋಡಿದರು.

"ನೀವು ಓದಿರೋರು, ಯೋಳಿ ಟೀಚರಮ್ಮ. ಆ ಮಾತು ಕಾಯಿಲೆಯಿಂದ ಓಯ್ತಾ, ಇಲ್ಲ ನಾನಂದೆ ಅಂತ ಆಯಪ್ಪನೇ ಬಿಟ್ಬಿಟ್ನಾ?"

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಕಾಯಿಲೆಯಿಂದಲೇ ಅಮ್ಮ, ಡಾಕ್ಟರು ಹಾಗೇ ಹೇಳುತ್ತಾರೆ ಅಂದೆ. ಅವರು ನಂಬಲಿಲ್ಲ. ನಾನೂ ನಂಬಿ ಹೇಳಿದ್ದಲ್ಲ ಎಂಬುದು ಅವರಿಗೆ ಗೊತ್ತಾಯಿತು ಅನ್ನಿಸುತ್ತದೆ. ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಲೋಟ ತೊಳೆದಿಟ್ಟು, ಪಂಚರ್ ಅಂಗಡಿಯ ಕಡೆಗೆ ಸೈಕಲ್ಲು ತಳ್ಳಿಕೊಂಡು ಹೋದರು.